ಟೈಲ್ಸ್ ಹಚ್ಚುವ ಮೊದಲು ಎರಡು ದಿನ ನೀರು ನಿಲ್ಲಿಸಿರಿ

ಉಗರಗೋಳದ ಮತ್ತು ಸುತ್ತಲಿನ ಊರುಗಳ ಗೌಂಡಿ ಅಣ್ಣಂದಿರಿಗೆ, ಟೈಲ್ಸ್ ಹಚ್ಚುವ ತಮ್ಮಂದಿರಿಗೆ,

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬಂದವರು ಉಳಿಯಲೆಂದು ಕಟ್ಟಿಸಿದ ಬಾಡಿಗೆ ಕೋಣೆಗಳ ಬಾತ್‌ರೂಮನ್ನು ಒಮ್ಮೆ ಬಗ್ಗಿ ನೋಡಿರಿ. ಟೈಲ್ಸಿನ ಮೈ ಬೆಳ್ಳಗೆ ಹೊಳೆಯುತ್ತಿರುತ್ತದೆ, ಸಂದಿಗಳು ಹಳದಿ ತಿರುಗಿರುತ್ತವೆ. ಹಣೆ, ಕೆನ್ನೆ, ತಲೆಗೂದಲಿಗೆಲ್ಲ ಭಂಡಾರ ಬಳಿದುಕೊಂಡು ಬಂದ ಮಂದಿ ಅಲ್ಲಿ ಜಳಕ ಮಾಡಿದ್ದಾರೆ. ಟೈಲ್ಸಿನ ಮೇಲೆ ಬಿದ್ದ ಆ ಭಂಡಾರದ ಅರಿಷಿಣ ಒಂದು ತಂಬಿಗೆ ನೀರಿಗೆ ತೊಳೆದುಹೋಗಿದೆ. ಸಂದಿಗೆ ಇಳಿದದ್ದು ತಿಕ್ಕಿದರೂ ಹೋಗುವುದಿಲ್ಲ. ಸಿಮೆಂಟ್ ಇನ್ನೂ ಹೊಸದಿದ್ದರೆ ಆ ಹಳದಿ ಕೆಂಪಿಗೂ ತಿರುಗುತ್ತದೆ. ಅರಿಷಿಣಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವಾಗ ಆಗುವುದೂ ಇದೇ, ಯಾಕೆಂದರೆ ಹಸಿ ಸಿಮೆಂಟಿನಲ್ಲಿಯೂ ಸುಣ್ಣದ ಗುಣವಿದೆ. ಬಣ್ಣ ತಾನಾಗಿ ನಡೆದು ಒಳಗೆ ಹೋಗಲಾರದು. ಅದನ್ನು ಹೊತ್ತುಕೊಂಡು ಹೋದದ್ದು ನೀರು. ಬಣ್ಣ ಸಂದಿಯಲ್ಲಿಯೇ ಉಳಿಯಿತು, ನೀರು ಇನ್ನೂ ಕೆಳಗೆ ಇಳಿಯಿತು.

ಈ ಪತ್ರವನ್ನು ನಿಮಗೆ ಬರೆಯಲು ಆ ಹಳದಿ ಗೆರೆಗಳೇ ಕಾರಣ. “ಟೈಲ್ಸ್ ಹಚ್ಚಿದ ಮ್ಯಾಲ ನೀರು ಎಲ್ಲಿ ಹೋಗ್ತದರಿ?” ಎಂಬ ಮಾತನ್ನು ನಮ್ಮ ಕಡೆ ಕೆಲಸ ನಡೆಯುವಲ್ಲೆಲ್ಲ ಕೇಳುತ್ತೇನೆ. ಮನೆಯ ಯಜಮಾನರು ಹೇಳುತ್ತಾರೆ, ಪ್ಲಂಬರ್ ಹೇಳುತ್ತಾನೆ, ನಿಮ್ಮಲ್ಲಿಯೂ ಕೆಲವರು ಹೇಳುತ್ತೀರಿ. ಅದಕ್ಕೆ ಉತ್ತರ ಎಲ್ಲರ ಕಣ್ಣೆದುರಿಗೇ ಇದೆ. ಟೈಲ್ಸ್ ನೀರನ್ನು ತಡೆಯುವ ವಸ್ತುವೆಂದು ನಂಬಿ ನಾವು ಮನೆ ಕಟ್ಟುತ್ತಿದ್ದೇವೆ. ನೀರನ್ನು ತಡೆಯುವುದು ಟೈಲ್ಸಿನ ಕೆಳಗೆ ಇರಬೇಕಾದ ಪದರ, ಮತ್ತು ನಮ್ಮ ಬಹಳಷ್ಟು ಮನೆಗಳಲ್ಲಿ ಆ ಪದರವೇ ಇಲ್ಲ.

ಗೋಡೆಗೆ ಹಚ್ಚುವ ಸಾದಾ ಟೈಲ್ಸ್ ಒಂದನ್ನು ಬೆನ್ನು ಮೇಲೆ ಮಾಡಿ ಇಟ್ಟು ಒಂದು ಚಮಚ ನೀರು ಹಾಕಿರಿ. ನೋಡುತ್ತಿದ್ದಂತೆಯೇ ಕುಡಿಯುತ್ತದೆ. ಅಂಥ ಟೈಲ್ಸು ತನ್ನ ತೂಕದ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ನೀರು ಹಿಡಿಯಬಲ್ಲದು. ಹೊಳೆಯುವ ಮುಖವೊಂದೇ ಅದಕ್ಕಿರುವ ರಕ್ಷಣೆ. ನೆಲಕ್ಕೆ ಹಾಕುವ ವಿಟ್ರಿಫೈಡ್ ಟೈಲ್ಸು ನೀರನ್ನು ಹೆಚ್ಚುಕಡಿಮೆ ಕುಡಿಯುವುದೇ ಇಲ್ಲ, ಆದರೆ ಅದರ ಸುತ್ತಲಿನ ನಾಲ್ಕೂ ಸಂದಿ ಕುಡಿಯುತ್ತವೆ. ಸಿಮೆಂಟಿನ ಸಂದಿಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ತುಂಬಿರುತ್ತವೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಅವು ನೀರನ್ನು ಎಳೆಯುತ್ತವೆ, ಅದೂ ಕೆಳಕ್ಕಷ್ಟೇ ಅಲ್ಲ, ಗೋಡೆ ಹಿಡಿದು ಮೇಲಕ್ಕೂ.

ಒಂದು ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು ಬಿದ್ದರೆ ಅದು ಒಂದು ಮಿಲಿಮೀಟರ್ ಮಳೆಗೆ ಸಮ. ನಾಲ್ಕಡಿಗೆ ಆರಡಿ ಬಾತ್‌ರೂಮ್ ಅಂದರೆ ಸುಮಾರು 2.2 ಚದರ ಮೀಟರ್. ಮನೆಯಲ್ಲಿ ಐದು ಮಂದಿ, ತಲೆಗೆ 20 ಲೀಟರ್ ನೀರು ಎಂದರೆ ದಿನಕ್ಕೆ 100 ಲೀಟರ್, ಅಂದರೆ ಆ ನೆಲದ ಮೇಲೆ ದಿನಾಲೂ 45 ಮಿಲಿಮೀಟರ್ ಮಳೆ. ಎರಡು ವಾರಕ್ಕೆ 600 ಮಿಲಿಮೀಟರ್ ದಾಟುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ, ಖಾನಾಪುರದ ಕಾಡಿನಲ್ಲಿ ಸುರಿಯುವ ಮಳೆ ನಮಗಿಲ್ಲ. ನಮ್ಮ ಬಯಲಿನ ಮೇಲೆ ಇಡೀ ವರ್ಷ ಬೀಳುವ ಮಳೆ ಹೆಚ್ಚುಕಡಿಮೆ ಆ ಬಾತ್‌ರೂಮಿನ ಎರಡು ವಾರದ ಮಳೆಯಷ್ಟೇ. ಇದು ಒಂದು ಮನೆಯ ಲೆಕ್ಕ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಬಾಡಿಗೆ ಕೋಣೆಯ ಅದೇ ಅಳತೆಯ ಬಾತ್‌ರೂಮಿನಲ್ಲಿ ಒಂದು ದಿನಕ್ಕೆ 30 ಮಂದಿ ಜಳಕ ಮಾಡಿದರೆ, ಅಂದು ಆ ನೆಲದ ಮೇಲೆ 270 ಮಿಲಿಮೀಟರ್ ಬಿತ್ತೆಂದು ತಿಳಿಯಿರಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗಳಲ್ಲಿ ಆ ನೆಲ ಒಣಗುವ ಹೊತ್ತೇ ಬರುವುದಿಲ್ಲ.

ನಮ್ಮ ಹಿರಿಯರು ಆ 600 ಮಿಲಿಮೀಟರ್ ಮಳೆಗೆ ಎಷ್ಟು ಹೆದರುತ್ತಿದ್ದರು, ಎಷ್ಟು ಕಾಳಜಿ ಮಾಡುತ್ತಿದ್ದರು ಎಂಬುದು ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಗೊತ್ತು. ಮುಂಗಾರು ಬರುವ ಮೊದಲು ಮಾಳಿಗೆಯ ಮೇಲೆ ಹಾಳಮಣ್ಣು ಹೊರಿಸಬೇಕು, ಹರಡಿ ತುಳಿಯಬೇಕು, ನೀರು ಹೊರಬೀಳುವ ಬಾಯಿಯ ಕಡೆಗೆ ಇಳಿಜಾರು ಬಂತೋ ಇಲ್ಲವೋ ನೋಡಬೇಕು, ಕುಂಬಿಯ ಬುಡದ ಬಿರುಕು ಮುಚ್ಚಬೇಕು. ಮೊದಲ ಮಳೆ ಬಿದ್ದಾಗ ಎಲ್ಲಿ ತಟಕುತ್ತದೆ ಎಂದು ಮನೆಯವರೆಲ್ಲ ತಲೆ ಎತ್ತಿ ನೋಡುತ್ತಿದ್ದರು. ವಾಟರ್‌ಪ್ರೂಫಿಂಗ್ ಅಂದರೆ ಇದೇ. ಇಳಿಜಾರು, ಬಿರುಕಿಲ್ಲದ ಪದರ, ಮೂಲೆಯ ಕಾಳಜಿ, ಮತ್ತು ಪರೀಕ್ಷೆ. ಹೆಸರು ಇಂಗ್ಲಿಷಿನದು, ವಿದ್ಯೆ ಈ ನೆಲದ್ದು, ನಿಮ್ಮ ಅಜ್ಜಂದಿರ ಕೈಯಲ್ಲಿ ಇದ್ದದ್ದು.

ಬಚ್ಚಲಕ್ಕೆ ಅವರು ಇಷ್ಟು ಕಾಳಜಿ ಮಾಡಲಿಲ್ಲ ಎನ್ನುವುದು ನಿಜ. ಮಾಡುವ ಅಗತ್ಯ ಇರಲಿಲ್ಲ. ಬಚ್ಚಲ ಮನೆಯ ಹಿಂದಿನ ಅಂಚಿನಲ್ಲಿ ಇರುತ್ತಿತ್ತು. ನೆಲಕ್ಕೆ ದಪ್ಪ ಕಲ್ಲು, ಸಂದಿಗೆ ಗಚ್ಚು, ನೀರು ಮೋರಿಯಿಂದ ನೇರ ಹಿತ್ತಲಿಗೆ. ಕೆಳಗೆ ಕೋಣೆ ಇಲ್ಲ, ಪಕ್ಕದಲ್ಲಿ ಹಾಸಿಗೆ ಇಲ್ಲ. ಸೋರಿದರೂ ಮಣ್ಣಿಗೆ ಇಳಿದು ಒಣಗುತ್ತಿತ್ತು. ಈಗ ಮನೆಯ ನಡುಮಧ್ಯೆ, ಮಲಗುವ ಕೋಣೆಗೆ ಅಂಟಿಸಿ, ಅದೂ ಮೊದಲ ಅಂತಸ್ತಿನ ಸ್ಲ್ಯಾಬಿನ ಮೇಲೆ ಬಾತ್‌ರೂಮ್ ಕಟ್ಟುತ್ತೇವೆ. ಪೈಪುಗಳೆಲ್ಲ ಗೋಡೆಯೊಳಗೆ. ಬಚ್ಚಲ ಒಳಗೆ ಬಂತು, ಮಾಳಿಗೆಗೆ ತೋರಿಸುತ್ತಿದ್ದ ಕಾಳಜಿ ಮಾತ್ರ ಅದರ ಜೊತೆ ಒಳಗೆ ಬರಲಿಲ್ಲ.

ಅದರಿಂದ ಆಗುವ ಹಾನಿ ನಿಧಾನಕ್ಕೆ ಆಗುತ್ತದೆ, ಅದಕ್ಕೇ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲು ಬಾತ್‌ರೂಮಿನ ಹೊರಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಬಿಳಿ ಉಪ್ಪು ಉದುರುತ್ತದೆ. ಆಮೇಲೆ ಕೆಳಗಿನ ಕೋಣೆಯ ಛತ್ತಿನಲ್ಲಿ ಕಂದು ಕಲೆ. ಸ್ಲ್ಯಾಬಿನ ಕಬ್ಬಿಣಕ್ಕೆ ನೀರು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿನಿಂದ ಆರು ಪಟ್ಟಿನವರೆಗೆ ಹೆಚ್ಚು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟ್ ಒಡೆದು ಹೆಂಟೆಯಾಗಿ ಬೀಳುತ್ತದೆ. ನೆಲದ ಮಟ್ಟದ ಬಾತ್‌ರೂಮಿನಲ್ಲಿ ಬೇರೆ ಅಪಾಯ. ಗುಡ್ಡದ ಮಗ್ಗುಲಿನಲ್ಲಿ ನಮಗೆ ಗಟ್ಟಿ ಕಲ್ಲಿದೆ. ಭೂಗರ್ಭಶಾಸ್ತ್ರದವರು ಕಲಾದಗಿ ಶಿಲಾಸರಣಿಯ ಒಂದು ಪದರಕ್ಕೆ ಸವದತ್ತಿಯ ಹೆಸರನ್ನೇ ಇಟ್ಟಿದ್ದಾರೆ. ಆದರೆ ಮಲಪ್ರಭೆ ಹೊಳೆಯ ಬಯಲಿಗೆ ಇಳಿದರೆ ಎರೆ ಭೂಮಿ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮನೆಯ ಒಂದು ಮೂಲೆಯ ತಳಕ್ಕೆ ದಿನಾಲೂ ಬಚ್ಚಲ ನೀರು ಇಳಿದು ಉಳಿದ ಮೂರು ಮೂಲೆ ಒಣಗಿದ್ದರೆ, ಗೋಡೆ ಓರೆಯಾಗಿ ಸೀಳದೆ ಏನು ಮಾಡೀತು? ಆ ಸೀಳನ್ನು ನೋಡಿದವರು ಬುನಾದಿ ಸರಿಯಿಲ್ಲವೆಂದು ನಿಮ್ಮನ್ನೇ ಬೈಯುತ್ತಾರೆ.

ಇನ್ನೊಂದು ಮಾತು, ಇದನ್ನು ನಮ್ಮ ಹೆಣ್ಣುಮಕ್ಕಳು ಹೆಚ್ಚು ಬಲ್ಲರು. ಬಾಣಂತಿಗೆ ಬಿಸಿನೀರಿನ ಜಳಕ ಹತ್ತಿರವಾಗಲಿ ಎಂದು ಬಾತ್‌ರೂಮಿಗೆ ಅಂಟಿದ ಕೋಣೆಯನ್ನೇ ಕೊಡುತ್ತೇವೆ. ಕೊಡಗಟ್ಟಲೆ ನೀರು ಆ ಗೋಡೆಯ ಒಂದು ಬದಿಗೆ, ಕೂಸಿನ ತೊಟ್ಟಿಲು ಇನ್ನೊಂದು ಬದಿಗೆ. ತೇವ ಹಿಡಿದು ಬೂಸ್ಟು ಬಂದ ಗೋಡೆಯ ಗಾಳಿಯನ್ನು ಹಸುಗೂಸು ಉಸಿರಾಡುವುದು ನನಗೆ ಸಹಿಸಲಾಗದ ಸಂಗತಿ.

ವಾಟರ್‌ಪ್ರೂಫಿಂಗ್ ಎಂಬುದು ಪೇಟೆಯ ಕಂಪನಿಗಳು ಡಬ್ಬಿ ಮಾರಲು ಹುಟ್ಟಿಸಿದ ಹೊಸ ಖರ್ಚು ಎನ್ನುವವರಿದ್ದಾರೆ. ಅದು ಹೊಸದೇನಲ್ಲ. ಮೊಹೆಂಜೊದಾರೋದ ದೊಡ್ಡ ಸ್ನಾನದ ಕೊಳವನ್ನು ಅಗೆದು ತೆಗೆದದ್ದು 1925-26ರಲ್ಲಿ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನದು, ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, ಎರಡೂವರೆ ಮೀಟರಿಗೆ ಸಮೀಪದ ಆಳ. ಒಳಮೈಗೆ ಸಂದಿ ಕಾಣದ ಹಾಗೆ ಜೋಡಿಸಿದ ಸುಟ್ಟ ಇಟ್ಟಿಗೆ, ಜಿಪ್ಸಮ್ ಗಾರೆ. ಅಷ್ಟು ಚೆಂದ ಇಟ್ಟಿಗೆ ಜೋಡಿಸಿದ ಮೇಲೂ ಆ ಗೌಂಡಿಗಳು ಇಟ್ಟಿಗೆಯನ್ನು ನಂಬಲಿಲ್ಲ. ಅದರ ಹಿಂದೆ ನೈಸರ್ಗಿಕ ಡಾಂಬರಿನ ದಪ್ಪ ಪದರ ಕೊಟ್ಟರು. ಮುಂದೆ ಕಾಣುವುದು ಅಂದಕ್ಕೆ, ಹಿಂದೆ ಇರುವುದು ನೀರಿಗೆ. ನಾನು ನಿಮ್ಮಿಂದ ಕೇಳುತ್ತಿರುವುದು ಆ ಕೆಲಸವನ್ನೇ.

ಈಗ ಕೆಲಸದ ಮಾತಿಗೆ ಬರುತ್ತೇನೆ. ನಿಮಗೆ ಥಾಪಿ ಹಿಡಿಯುವುದನ್ನು ನಾನು ಕಲಿಸಬೇಕಾಗಿಲ್ಲ. ಕೆಲಸ ಕೆಡುವುದು ಹೆಚ್ಚಾಗಿ ಕೈಯಿಂದಲ್ಲ, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮ ತಪ್ಪುವುದರಿಂದ. ಗೋಡೆ ಕೊರೆಯುವುದು, ಪೈಪು ಕೂಡಿಸುವುದು, ಪೈಪಿಗೆ ಒತ್ತಡದ ನೀರು ಬಿಟ್ಟು ನೋಡುವುದು, ಗೀಸರಿನ ವೈರು, ಕಮೋಡಿನ ಜಾಗ, ಇವೆಲ್ಲ ಮುಗಿಯುವ ತನಕ ವಾಟರ್‌ಪ್ರೂಫಿಂಗ್ ಡಬ್ಬಿಯ ಮುಚ್ಚಳ ತೆಗೆಯಬೇಡಿರಿ. ಲೇಪ ಒಣಗಿದ ಮೇಲೆ ಪ್ಲಂಬರ್ ಬಂದು “ಒಂದೇ ತೂತು ಅಣ್ಣಾ” ಎಂದು ಉಳಿ ಹಿಡಿದರೆ, ಆ ಒಂದೇ ತೂತು ಸಾಕು.

ಎಲ್ಲಕ್ಕಿಂತ ಹೆಚ್ಚು ಸೋರುವುದು ಪೈಪಿನ ಕೊರಳಲ್ಲಿ. ಪಿವಿಸಿ ಪೈಪಿನ ಮೈ ನುಣುಪು, ಸಿಮೆಂಟ್ ಅದನ್ನು ಹಿಡಿಯುವುದಿಲ್ಲ; ಗಾರೆ ಒಣಗಿ ಕುಗ್ಗಿದಾಗ ಸುತ್ತಲೂ ಕೂದಲೆಳೆಯ ಸಂದಿ ಬೀಳುತ್ತದೆ. ಪೈಪಿನ ಆ ಭಾಗಕ್ಕೆ ಸಾಲ್ವೆಂಟ್ ಸಿಮೆಂಟ್ ಸವರಿ ಒಣ ಉಸುಕು ಉದುರಿಸಿರಿ, ಮೈ ಒರಟಾಗುತ್ತದೆ. ಆಮೇಲೆ ಕುಗ್ಗದ ಗ್ರೌಟ್ ತುಂಬಿರಿ. ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಸುತ್ತಲೂ ಇದೇ. ಎರಡನೆಯ ಜಾಗ ಗೋಡೆ ಮತ್ತು ನೆಲ ಕೂಡುವ ಮೂಲೆ. ಗೋಡೆ ಒಂದು ಬಗೆ ಅಲುಗುತ್ತದೆ, ಸ್ಲ್ಯಾಬು ಇನ್ನೊಂದು ಬಗೆ. ಚೌಕ ಮೂಲೆಯಲ್ಲಿ ಲೇಪ ಹರಿಯುತ್ತದೆ. ಅಲ್ಲಿ ಗಾರೆಯಿಂದ ಎರಡು ಇಂಚಿನ ಗೋಲಾ ಕೊಟ್ಟು, ಲೇಪದ ಮೊದಲ ಕೈ ಹಸಿ ಇರುವಾಗಲೇ ಫೈಬರ್ ಬಲೆಯ ಪಟ್ಟಿ ಒತ್ತಿರಿ.

ಲೇಪದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮ ಕಡೆ ಬಲವಾಗಿ ಬೇರೂರಿದೆ. ಗಾರೆ ಕಲಸುವಾಗ ಚೀಲ ಸಿಮೆಂಟಿಗೆ 200 ಮಿಲಿಲೀಟರ್ ವಾಟರ್‌ಪ್ರೂಫಿಂಗ್ ದ್ರವ ಹಾಕಿದರೆ ಮುಗಿಯಿತು ಎಂದು. ಆ ದ್ರವ ಒಳ್ಳೆಯದೇ, ಅದಕ್ಕೆ ಐ.ಎಸ್. 2645 ಎಂಬ ಮಾನಕವೂ ಇದೆ, ಹಾಕಿರಿ. ಅದು ಗಾರೆಯ ರಂಧ್ರಗಳನ್ನು ಕಡಿಮೆ ಮಾಡುತ್ತದೆ. ಗಾರೆ ಬಿರಿದರೆ ಬಿರುಕಿಗೆ ಅದು ಏನೂ ಮಾಡಲಾರದು. ಬಿರುಕಿನ ಮೇಲೆ ಹಿಗ್ಗಿ ನಿಲ್ಲುವ ಪದರ ಬೇಕೆಂದರೆ ಪುಡಿ ಬೇರೆ, ಹಾಲಿನಂಥ ಪಾಲಿಮರ್ ದ್ರವ ಬೇರೆ ಬರುವ ಎರಡು ಭಾಗದ ಲೇಪ ಬೇಕು. ಕಂಪನಿ ಯಾವುದೇ ಇರಲಿ, ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿಯೇ ಬೆರೆಸಿರಿ. ತೆಳ್ಳಗಾಗಲಿ ಎಂದು ನೀರು ಹಾಕಿದರೆ ದುಡ್ಡೂ ನೀರಿಗೆ ಹೋಯಿತು. ಧೂಳು, ಎಣ್ಣೆ ಇಲ್ಲದ ಹಾಗೆ ತೊಳೆದು, ಮೈ ತೇವವಿದ್ದು ಮೇಲೆ ನೀರು ನಿಂತಿಲ್ಲ ಎನ್ನುವಾಗ ಮೊದಲ ಕೈ ಬಳಿಯಿರಿ. ಎರಡನೆಯ ಕೈ ಅದಕ್ಕೆ ಅಡ್ಡ ದಿಕ್ಕಿನಲ್ಲಿ. ಸುತ್ತಲೂ ಗೋಡೆಗೆ ಕನಿಷ್ಠ ಒಂದಡಿ ಏರಲಿ, ಶವರ್ ಇರುವ ಗೋಡೆಗೆ ಆರಡಿ. ಬಾಗಿಲ ಹೊಸ್ತಿಲ ಕೆಳಗೂ ಲೇಪ ಹೋಗಬೇಕು. ಎಷ್ಟೋ ಮನೆಗಳಲ್ಲಿ ನೀರು ಕೋಣೆಗೆ ನುಗ್ಗುವುದು ಹೊಸ್ತಿಲ ತಳದಿಂದಲೇ.

ಮೊದಲ ಅಂತಸ್ತಿನಲ್ಲಿ ಸ್ಲ್ಯಾಬನ್ನು ತಗ್ಗಿಸಿ ಇಟ್ಟಿಗೆ ಚೂರಿನ ಕೋಬಾ ತುಂಬುತ್ತೀರಲ್ಲ, ಅಲ್ಲಿ ಎರಡು ಸಲ ಕೆಲಸ ಬೇಕು. ತುಂಬುವ ಮೊದಲು ತಗ್ಗಿನ ಸ್ಲ್ಯಾಬಿಗೆ ಒಮ್ಮೆ ಲೇಪ, ತುಂಬಿ ಇಳಿಜಾರು ಮಾಡಿದ ಮೇಲೆ ಇನ್ನೊಮ್ಮೆ. ಮೇಲಿನದು ಒಂದೇ ಇದ್ದು ಅದು ಕೈಕೊಟ್ಟರೆ ಆ ಇಟ್ಟಿಗೆ ಚೂರೆಲ್ಲ ನೀರು ತುಂಬಿಕೊಂಡು ಕೂಡುತ್ತದೆ, ಮೇಲಿನ ನೆಲ ಒಣಗಿದ ಮೇಲೂ ತಿಂಗಳುಗಟ್ಟಲೆ ಕೆಳಗೆ ಹನಿಯುತ್ತದೆ. ತಗ್ಗಿನ ತಳದಿಂದ ಹೊರಗೋಡೆಗೆ ಒಂದು ಸಣ್ಣ ಪೈಪು ಬಿಟ್ಟಿದ್ದರೆ, ಒಳಗೆ ಸೋರಿದ ನೀರು ಅಲ್ಲಿ ಕಾಣಿಸಿಕೊಂಡು ಮುನ್ಸೂಚನೆ ಕೊಡುತ್ತದೆ. ಇಳಿಜಾರು ಆರಡಿಗೆ ಮುಕ್ಕಾಲು ಇಂಚಿಗಿಂತ ಕಡಿಮೆ ಬೇಡ. ಅದನ್ನು ಟೈಲ್ಸಿನಲ್ಲಿ ಮಾಡಿದರೆ ಸಾಲದು, ಲೇಪದ ಪದರವೇ ನಹಾನಿ ಟ್ರ್ಯಾಪಿನ ಜಾಳಿಯ ಕಡೆಗೆ ಇಳಿದಿರಬೇಕು.

ಆಮೇಲೆ ಪರೀಕ್ಷೆ. ಈ ಇಡೀ ಪತ್ರದಲ್ಲಿ ಒಂದನ್ನೇ ನೆನಪಿಡುವಿರಾದರೆ ಇದನ್ನು ಇಡಿರಿ. ಲೇಪ ಪೂರ್ತಿ ಒಣಗಿದ ಮೇಲೆ ನಹಾನಿ ಟ್ರ್ಯಾಪಿನ ಬಾಯಿ ಬಿಗಿಯಾಗಿ ಮುಚ್ಚಿ, ಬಾಗಿಲಿಗೆ ಸಣ್ಣ ಒಡ್ಡು ಹಾಕಿ, ಎರಡು ಇಂಚು ನೀರು ನಿಲ್ಲಿಸಿರಿ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿಯೇ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗೆರೆ ಎಳೆಯಿರಿ. ನಮ್ಮ ಕಡೆಯ ಬಿಸಿಲಿಗೆ ನೀರು ಆರುತ್ತದೆ. ಎಷ್ಟು ಆರಿತು ಎಂಬುದಕ್ಕೆ ಬಕೆಟ್ ಸಾಕ್ಷಿ. ಕನಿಷ್ಠ ಒಂದು ಹಗಲು ಒಂದು ರಾತ್ರಿ, ಸಾಧ್ಯವಾದರೆ ಎರಡು ಹಗಲು ಎರಡು ರಾತ್ರಿ ಬಿಡಿರಿ. ನೆಲದ ನೀರು ಬಕೆಟಿನದಕ್ಕಿಂತ ಹೆಚ್ಚು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಕೆಳಗಿನ ಛತ್ತು, ಹೊರಗೋಡೆ, ಪಕ್ಕದ ಕೋಣೆಯ ಗೋಡೆಯ ಬುಡ, ಮೂರೂ ಕಡೆ ಕೈಯಿಟ್ಟು ನೋಡಿರಿ. ಈಗ ಸಿಕ್ಕ ಸೋರಿಕೆಯನ್ನು ಅರ್ಧ ದಿನದಲ್ಲಿ ಮುಚ್ಚಬಹುದು. ಟೈಲ್ಸ್ ಹಚ್ಚಿದ ಮೇಲೆ ಸಿಕ್ಕರೆ ಎಲ್ಲ ಕಿತ್ತೇ ಮುಚ್ಚಬೇಕು. ಗೆರೆಯ ಫೋಟೋ ಮೊಬೈಲಿನಲ್ಲಿ ತೆಗೆದು ಮನೆಯವರಿಗೆ ಕಳಿಸಿರಿ. ನಾಳೆ ತಕರಾರು ಬಂದರೆ ಆ ಫೋಟೋ ನಿಮ್ಮ ಪರವಾಗಿ ಮಾತಾಡುತ್ತದೆ.

ಟೈಲ್ಸ್ ಹಚ್ಚುವ ತಮ್ಮಂದಿರಿಗೆ ಎರಡೇ ಮಾತು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಗಾರೆಯ ಮುದ್ದೆ ಇಟ್ಟು ಒತ್ತಬೇಡಿರಿ. ಮುದ್ದೆಗಳ ನಡುವಿನ ಪೊಳ್ಳಿನಲ್ಲಿ ನೀರು ಮನೆ ಮಾಡುತ್ತದೆ. ಹಲ್ಲಿನ ಥಾಪಿಯಿಂದ ಪೂರ್ತಿ ಹರಡಿರಿ. ವಿಟ್ರಿಫೈಡ್ ಟೈಲ್ಸು ನೀರು ಕುಡಿಯದ ಕಾರಣ ಸಿಮೆಂಟಿನ ಹಾಲನ್ನೂ ಹಿಡಿಯುವುದಿಲ್ಲ, ಅದಕ್ಕೆ ಟೈಲ್ಸಿನ ಅಂಟೇ ಬೇಕು. ಚೀಲದ ಮೇಲೆ ಐ.ಎಸ್. 15477 ಎಂದು, ಯಾವ ಟೈಪ್ ಎಂದು ಬರೆದಿದೆಯೋ ನೋಡಿ ತೆಗೆದುಕೊಳ್ಳಿರಿ. ಸಂದಿಗೆ ಎಪಾಕ್ಸಿ ಗ್ರೌಟ್ ಹಾಕಲು ಮನೆಯವರು ಒಪ್ಪಿದರೆ ಭಂಡಾರದ ಹಳದಿಯೂ ಒಳಗೆ ಇಳಿಯುವುದಿಲ್ಲ.

ಇಷ್ಟು ಓದಿ ನಿಮ್ಮಲ್ಲಿ ಯಾರಾದರೂ ಕೇಳಬಹುದು, ನೀರು ನಿಲ್ಲಿಸುವ ಈ ದಿನಗಳ ಪಗಾರ ಯಾರು ಕೊಡುತ್ತಾರೆ ಎಂದು. ನ್ಯಾಯವಾದ ಪ್ರಶ್ನೆ. ನೀವು ಅಡಿ ಲೆಕ್ಕದಲ್ಲಿ ಗುತ್ತಿಗೆ ಹಿಡಿದವರು. ನೀರು ನಿಂತಿರುವ ಎರಡು ದಿನ ಒಂದು ಅಡಿಯೂ ಏರುವುದಿಲ್ಲ. ಅದರ ಮೇಲೆ ಕಟ್ಟಿಸುವವರ ಅವಸರ ಬೇರೆ. 2023ರ ಜೂನ್ 11ರಂದು, ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಗುಡ್ಡಕ್ಕೆ ಹೆಣ್ಣುಮಕ್ಕಳ ಬರವು ಹೆಚ್ಚಿದೆ, 2024ರಲ್ಲಿ ಗುಡ್ಡದ ಅಭಿವೃದ್ಧಿಗೆ ಕೇಂದ್ರದಿಂದ 100 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಬಂತು. ಇನ್ನು ಕೋಣೆ ಕಟ್ಟಿಸುವವರ ಅವಸರ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. “ಹುಣ್ಣಿವಿ ಒಳಗ ಮುಗಿಸಿ ಕೊಡಪಾ, ಮಂದಿ ಬರ್ತಾರ” ಎಂಬ ಒತ್ತಾಯಕ್ಕೆ ನೀವೊಬ್ಬರೇ ಎದುರು ನಿಲ್ಲಲಾರಿರಿ. ಅದಕ್ಕೇ ಈ ಪತ್ರವನ್ನು ಬಹಿರಂಗವಾಗಿ ಬರೆದದ್ದು, ಕಟ್ಟಿಸುವವರೂ ಓದಲಿ ಎಂದು. ಅವರಿಗೆ ನನ್ನ ಮಾತು ಇಷ್ಟೇ: ವಾಟರ್‌ಪ್ರೂಫಿಂಗನ್ನು ಟೈಲ್ಸಿನ ದರದೊಳಗೆ ತುರುಕಬೇಡಿರಿ. ಅದಕ್ಕೆ ಬೇರೆ ದರ ಬರೆಯಿರಿ, ನೀರು ನಿಲ್ಲಿಸಿದ ದಿನಗಳಿಗೆ ಪಗಾರ ಕೊಡಿರಿ, ಪೆನ್ಸಿಲ್ ಗೆರೆ ನೋಡಿದ ಮೇಲೆಯೇ ಟೈಲ್ಸ್ ಪೆಟ್ಟಿಗೆ ಒಡೆಯಲು ಹೇಳಿರಿ. ಗೌಂಡಿಗಳು ಎಲ್ಲರೂ ಕೂಡಿ ಇದೇ ಷರತ್ತು ಹಾಕಿದರೆ, ಒಬ್ಬರನ್ನು ಬಿಟ್ಟು ಅಗ್ಗಕ್ಕೆ ಇನ್ನೊಬ್ಬರನ್ನು ಕರೆಯುವ ದಾರಿಯೂ ಮುಚ್ಚುತ್ತದೆ.

ಈಗಾಗಲೇ ಟೈಲ್ಸ್ ಹಚ್ಚಿ ಸೋರುತ್ತಿರುವ ಮನೆಗಳಿಗೆ ನಿಮ್ಮನ್ನು ಕರೆಯುತ್ತಾರೆ. ಅಲ್ಲಿ ನಿಜ ಹೇಳಿರಿ. ಸಂದಿ ಕೆರೆದು ಎಪಾಕ್ಸಿ ತುಂಬಿದರೆ ಸೋರುವುದು ಕಡಿಮೆಯಾಗಬಹುದು, ಸ್ವಲ್ಪ ಕಾಲ ತಳ್ಳಬಹುದು. ಕೆಳಗಿನ ಛತ್ತಿನಲ್ಲಿ ಕಬ್ಬಿಣ ಕಾಣಿಸುತ್ತಿದ್ದರೆ ಅದು ಸಾಲದು. ಬೇಸಿಗೆಯಲ್ಲಿ, ಜಾತ್ರೆಗಳ ಗದ್ದಲ ಮುಗಿದ ಮೇಲೆ, ಟೈಲ್ಸ್ ಕಿತ್ತು ಸ್ಲ್ಯಾಬಿನಿಂದಲೇ ಶುರು ಮಾಡಬೇಕು. ಕೆಳಗಿನಿಂದ ಛತ್ತಿಗೆ ಬಣ್ಣ ಬಳಿದು ಕಲೆ ಮುಚ್ಚುವ ಕೆಲಸವನ್ನು ಮಾತ್ರ ಎಷ್ಟು ದುಡ್ಡು ಕೊಟ್ಟರೂ ಒಪ್ಪಿಕೊಳ್ಳಬೇಡಿರಿ.

ಇಂತಿ ನಿಮ್ಮವ,
ಉಗರಗೋಳದ ಒಬ್ಬ ನಿವಾಸಿ